ನಾಲ್ಕು ಬೆರಳು ಮರಳು

ಮರಳಿನ ಆಳದ ಚಿಂತೆಯಲ್ಲಿ ಒಬ್ಬ ಗಂಡಸು ಊಟ ಬಿಡಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮನೆಯವರು ಬಿಟ್ಟರು. ಹೆಸರು ಉದಯಕುಮಾರ್, ಕೆಲಸ ಪ್ರಾಣಿಶಾಸ್ತ್ರದ ಉಪನ್ಯಾಸ. ದಿನಾ ಮೇಲೂರಿನಿಂದ ಬಸ್ಸು ಹತ್ತಿ ಚಿಂತಾಮಣಿಗೆ ಹೋಗಿ, ಮಕ್ಕಳಿಗೆ ಕಪ್ಪೆಯ ಹೃದಯ ಹೇಳಿಕೊಟ್ಟು ಬರುತ್ತಾರೆ. ಎರಡು ಸಾವಿರದ ಆರನೇ ಇಸವಿಯಲ್ಲಿ ಈ ಮನುಷ್ಯ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದು ನಮ್ಮ ರೇಷ್ಮೆ ಹುಳದ ಚಿಕ್ಕ ಕೋಣೆಯಲ್ಲಿ ಇಟ್ಟರು. ಉಪ್ಪುನೀರು ತುಂಬಿ, ಸಮುದ್ರದ ಮೀನು ಬಿಟ್ಟು, ಆಮೇಲೆ ಹವಳ ಬೆಳೆಸಬೇಕಂತೆ. ಕೆರೆಯೇ ನೆಟ್ಟಗೆ ತುಂಬದ ಊರಿನಲ್ಲಿ ಸಮುದ್ರ. ನಾನು ಬಿದ್ದು ಬಿದ್ದು ನಕ್ಕೆ. ಆದರೆ ತೊಂಡೇಬಾವಿಯಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ನಾನು ಸಮುದ್ರ ಕಂಡವಳೇ ಅಲ್ಲ. ಒಳಗೊಳಗೆ ನನಗೂ ಅದು ಬೇಕಾಗಿತ್ತು.

ನೀರಿಗೆ ಮೊದಲು ತಳಕ್ಕೆ ಮರಳು ಹಾಸಬೇಕು. ಎಷ್ಟು ದಪ್ಪ ಹಾಸಬೇಕು ಎಂಬಲ್ಲಿ ಇವರು ಸಿಕ್ಕಿಕೊಂಡರು. ಚಿಂತಾಮಣಿಯ ಬ್ರೌಸಿಂಗ್ ಸೆಂಟರಿನಿಂದ ದಿನಾ ಪ್ರಿಂಟ್ ಹಾಕಿಸಿಕೊಂಡು ಬರುವರು. ಒಂದೇ ಇಂಚು ಸಾಕು, ಹೆಚ್ಚಾದರೆ ಅಡಿಯಲ್ಲಿ ಕಸ ಕೊಳೆತು ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ ಎಂದು ಒಂದು ಹಾಳೆ. ನಾಲ್ಕರಿಂದ ಆರು ಇಂಚು ಬೇಕು, ಆ ಆಳದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೇ ನೀರನ್ನು ಶುದ್ಧ ಮಾಡುತ್ತವೆ ಎಂದು ಇನ್ನೊಂದು. ಮೂರನೆಯದು ಮರಳೇ ಬೇಡ ಎಂದಿತು. ಅದನ್ನು ನಾನೇ ಸ್ನಾನದ ಒಲೆಗೆ ಹಾಕಿದೆ. ಯಾವುದಕ್ಕೂ ಇರಲಿ ಎಂದು ಎರಡು ಮೂಟೆ ಬಿಳಿ ಮರಳು ತಂದಿಟ್ಟುಕೊಂಡು, ಖಾಲಿ ತೊಟ್ಟಿಯ ಮುಂದೆ ಸ್ಕೇಲು ಹಿಡಿದು ಮೂರು ವಾರ ಕೂತರು. ಕರೆದರೆ ಊಟಕ್ಕೂ ಏಳುತ್ತಿರಲಿಲ್ಲ.

ಕೊನೆಗೆ ತೀರ್ಮಾನ ಮಾಡಿದವರು ಸಾದಿಕ್ ಪಾಷಾ. ಇವರ ಕಾಲೇಜು ಗೆಳೆಯ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಕೆಲಸ. ಇಂಥದೇ ತೊಟ್ಟಿ ಅವರ ಮನೆಯಲ್ಲಿ ಆಗಲೇ ಇತ್ತು, ಈ ಹುಚ್ಚು ಹತ್ತಿಸಿದ್ದೂ ಅವರೇ.

"ಒಂದಿಂಚು ಹಾಕಿ ಮುಗಿಸು ಕಣೋ," ಎಂದರು ಪಾಷಾ. "ನಮ್ಮನೇಲಿ ಅಷ್ಟೇ ಇರೋದು. ವಾರಕ್ಕೊಂದ್ಸಲ ಹಮೀದಾ ಪೈಪ್ ಹಾಕಿ ಎಳೆದುಬಿಟ್ರೆ ಕ್ಲೀನು."

ಕ್ಲೀನು ಮಾಡುವುದು ಹೆಂಡತಿ, ಅಳತೆ ಹೇಳುವುದು ಗಂಡ. ನಾನು ಏನೋ ಅನ್ನಬೇಕೆಂದಿದ್ದೆ, ಅಷ್ಟರಲ್ಲಿ ಕಾಫಿ ಉಕ್ಕಿತು.

ನಮ್ಮತ್ತೆ ಲಕ್ಷ್ಮೀನರಸಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಲವತ್ತು ವರ್ಷ ಹುಳ ಸಾಕಿದವರು. "ನೋಡು ಉದಯ, ಕೋಣೆ ಕೊಟ್ಟಿದ್ದೀನಿ, ಬರೆದುಕೊಟ್ಟಿಲ್ಲ," ಎಂದರು. "ಮಾವಿನ ಕಾಲಕ್ಕೆ ಮುಂಚೆ ಒಂದು ದೊಡ್ಡ ಬೆಳೆ ಮಾಡ್ತೀನಿ. ಹುಳ ಮನೆಗೆ ಬರೋ ದಿನ ಆ ಗಾಜಿನೊಳಗೆ ಜೀವ ಓಡಾಡ್ತಿದ್ರೆ ಕೋಣೆ ನಿಂದು. ಇಲ್ಲಾಂದ್ರೆ ತೊಟ್ಟಿ ಪಾಷಾ ಮನೆಗೆ ಹೋಗಲಿ."

ಇವರು ಒಪ್ಪಿದರು. ಒಂದು ಇಂಚು ಮರಳು ಹಾಸಿದರು, ಕಲ್ಲು ಜೋಡಿಸಿದರು, ಉಪ್ಪುನೀರು ತುಂಬಿದರು. ನೀರಿನ ಮಟ್ಟಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದರು. ನೀರು ಹದಕ್ಕೆ ಬರಲು ಆರು ವಾರ ಹಿಡಿಯಿತು. ಉಳಿದ ಮರಳಿನ ಮೂಟೆ ತೊಟ್ಟಿಯ ಕೆಳಗೆ ಬಿದ್ದಿತ್ತು.

ಹುಳ ಬರುವುದು ಭಾನುವಾರ ಎಂದು ಗೊತ್ತಾದ ವಾರವೇ, ಮಂಗಳವಾರ ಸಂಜೆ, ಬೆಂಗಳೂರಿನಿಂದ ಮೀನು ಬಂತು. ಒಂದೇ ಒಂದು, ಬೆರಳುದ್ದ, ಅರಿಸಿನದ ಬಣ್ಣ. ತೊಟ್ಟಿಗೆ ಬಿಟ್ಟ ಕೂಡಲೇ ತಲೆಕೆಳಗಾಗಿ ಮರಳಿಗೆ ನುಗ್ಗಿ, ತಳದ ಗಾಜಿಗೆ ಮೂತಿ ಬಡಿದುಕೊಂಡಿತು. ಮತ್ತೆ ನುಗ್ಗಿತು, ಮತ್ತೆ ಬಡಿದುಕೊಂಡಿತು. ನೋಡಲಾರದೆ ನಾನು ಸೆರಗು ಬಾಯಿಗಿಟ್ಟುಕೊಂಡೆ.

"ಹೊಸ ಜಾಗ, ಗಾಬರಿ ಅದಕ್ಕೆ," ಎಂದರು ಇವರು.

"ಗಾಬರಿ ಅಲ್ಲ ಕಣೋ, ಹೊದ್ಕೊಂಡು ಮಲಗೋಕೆ ನೋಡ್ತಿದೆ. ಹಾಸು ಸಾಲದು," ಎಂದರು ಅತ್ತೆ.

"ಅಮ್ಮ, ಇದು ರೇಷ್ಮೆ ಹುಳ ಅಲ್ಲ. ನಾನು ಓದಿದ್ದೀನಿ."

ಅತ್ತೆ ಬಗ್ಗಿ ತೊಟ್ಟಿಯ ಕೆಳಗಿದ್ದ ಮರಳಿನ ಮೂಟೆ ಮುಟ್ಟಿ ನೋಡಿದರು. ನಮ್ಮತ್ತೆ ಬೈದರೆ ಭಯವಿಲ್ಲ, ಸುಮ್ಮನಾದರೆ ಏನೋ ಇದೆ ಎಂದೇ ಅರ್ಥ.

ಮರುದಿನ ಬೆಳಿಗ್ಗೆ ಮೀನಿನ ಮೂತಿ ಬಿಳಿಚಿಕೊಂಡು ತರಚಿತ್ತು. ಇವರು ಬಸ್ಸಿಗೆ ಹೊರಟ ಮೇಲೆ ಅತ್ತೆ ಕರೆದರು. "ಶೋಭಾ, ಅಟ್ಟದ ಮೇಲಿರೋ ಭರಣಿ ಇಳಿಸಮ್ಮ."

ಕೆಂಚಾರ್ಲಹಳ್ಳಿಯ ತವರಿನಿಂದ ಅವರು ತಂದಿದ್ದ ಉಪ್ಪಿನಕಾಯಿ ಭರಣಿ ಅದು. ಗಿಡ್ಡ, ಬಾಯಿ ಅಗಲ, ಹೊಳೆಯುವ ಕಂದು ಕಂಠ. ಎರಡು ವರ್ಷದಿಂದ ಖಾಲಿ. ಬಿಸಿನೀರಿನಲ್ಲಿ ಐದು ಸಲ ತೊಳೆದು, ಮೂಗು ಒಳಗಿಟ್ಟು ನೋಡಿದರು. "ಒಂಚೂರು ಖಾರ ಉಳಿದಿದ್ರೂ ಪಾಪ, ಅದು ಉರಿ ಉರಿ ಅಂತ ಸಾಯುತ್ತೆ," ಎಂದು ಆರನೆಯ ಸಲ ನನ್ನ ಕೈಲಿ ತೊಳೆಸಿದರು. ಮೂಟೆಯ ಮರಳನ್ನು ಅಕ್ಕಿಯ ಹಾಗೆ ತೊಳೆದು ಭರಣಿಗೆ ಸುರಿದು, ಬೆರಳು ಅಡ್ಡ ಹಿಡಿದು ಅಳೆದರು. ನಾಲ್ಕು ಬೆರಳು ಆಯಿತು. ಮೆಲ್ಲಗೆ ನೀರಿಗೆ ಇಳಿಸಿ ದೊಡ್ಡ ಕಲ್ಲಿನ ಹಿಂದೆ ಮರೆಮಾಡಿದೆವು. ನೀರು ಸ್ಕೆಚ್ ಪೆನ್ನಿನ ಗೆರೆ ದಾಟಿತು. ಚೊಂಬಿನಲ್ಲಿ ಮೊಗೆದು ಮೊಗೆದು ಸರಿಯಾಗಿ ಗೆರೆಗೆ ತಂದು ನಿಲ್ಲಿಸಿದೆ. ಮದುವೆಯಾಗಿ ಎಂಟು ವರ್ಷದಲ್ಲಿ ಅತ್ತೆ ನಾನು ಒಟ್ಟಿಗೆ ಅಷ್ಟು ನಕ್ಕಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಮೀನು ಕಲ್ಲಿನ ಹಿಂದೆ ಹೋಯಿತು. ಭರಣಿಯ ಬಾಯಿ ಮೂಸಿತು. ಸರಕ್ಕನೆ ಒಳಗೆ ಇಳಿದು ಮಾಯವಾಯಿತು. ಅತ್ತೆ ಕೈ ಒರೆಸಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದರು.

ಸಂಜೆ ಶುರುವಾಯಿತು ನೋಡಿ ಗಲಾಟೆ. ಇವರು ಮಂಚದ ಕೆಳಗೆ ಹುಡುಕಿದರು, ಫಿಲ್ಟರ್ ಬಿಚ್ಚಿದರು, ಪಕ್ಕದ ಮನೆಯ ಬೆಕ್ಕನ್ನು ಹಿಡಿದು ಬಾಯಿ ಮೂಸಿದರು. "ಮುಚ್ಚಳ ತೆಗೆದಿದ್ಯೇನೆ?" ಎಂದು ನನ್ನನ್ನು ಕೇಳಿದರು. ಇಲ್ಲವೆಂದು ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಗುರುವಾರವೂ ಮೀನು ಏಳಲಿಲ್ಲ. ಶುಕ್ರವಾರವೂ ಇಲ್ಲ. ನನ್ನ ನಗು ಅಲ್ಲಿಗೆ ನಿಂತಿತು. ಭರಣಿಯಲ್ಲಿ ಖಾರ ಉಳಿದಿತ್ತೇನೋ, ಮೀನು ಅಲ್ಲೇ ಸತ್ತಿದೆಯೇನೋ, ಆರನೆಯ ಸಲ ಸರಿಯಾಗಿ ತೊಳೆಯದವಳು ನಾನೇ ಅಲ್ಲವೇ ಎಂದು ಗಳಿಗೆಗೊಮ್ಮೆ ಹೋಗಿ ಕಲ್ಲಿನ ಹಿಂದೆ ಇಣುಕಿ ಬಂದೆ.

ಶನಿವಾರ ಪಾಷಾ ಬಂದು ಅಂಗಿಯ ತೋಳು ಮಡಚಿದರು. "ಕಲ್ಲೆಲ್ಲಾ ತೆಗೆದು ಮರಳು ಕೆದಕಿ ನೋಡಣ. ಸತ್ತಿದ್ರೆ ನೀರೂ ಕೆಡುತ್ತೆ."

ಅತ್ತೆ ಎದ್ದು ಅಡ್ಡ ನಿಂತರು. "ಕೈ ಹಾಕಬೇಡಪ್ಪ. ಅದು ಜ್ವರಕ್ಕೆ ಕೂತಿದೆ."

ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಒಂದು ದಿನ ಮೇವು ಬಿಟ್ಟು ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಜೋರಾಗಿ ಮಾತೂ ಆಡುವುದಿಲ್ಲ. ಇವರು ತಲೆ ಚಚ್ಚಿಕೊಂಡರು. "ಅಮ್ಮ, ಮೀನು ಪೊರೆ ಬಿಡಲ್ಲ. ಎಮ್ಮೆಸ್ಸಿ ಮಾಡಿದೀನಿ ನಾನು."

"ಮಾಡಿದೀಯ ಕಣಪ್ಪ. ಅದು ಮೀನಿಗೆ ಗೊತ್ತಿಲ್ಲ. ನಾಳೆ ಮಧ್ಯಾಹ್ನದವರೆಗೆ ಯಾರೂ ಮುಟ್ಟಕೂಡದು."

ಪಾಷಾ ತೋಳು ಇಳಿಸಿದರು. ಅತ್ತೆ ಮಣೆ ಹಾಕಿಕೊಂಡು ತೊಟ್ಟಿಯ ಮುಂದೆ ಕೂತರು. ಆಮೇಲೆ ನಾನು ಕಾಫಿ ಕೊಡಲು ಹೋದಾಗ ನನ್ನ ಕೈ ಹಿಡಿದು, "ನಂಗೂ ಭಯ ಆಗ್ತಿದೆ ಕಣಮ್ಮ. ಇಷ್ಟು ದಿನ ಯಾವ ಹುಳಾನೂ ಕೂತಿಲ್ಲ," ಎಂದರು. ಆ ತೊಟ್ಟಿ ಮನೆಯಿಂದ ಹೋಗುವುದು ಅವರಿಗೂ ಬೇಡವಾಗಿತ್ತು ಎಂದು ನನಗೆ ಆಗ ತಿಳಿಯಿತು.

ಭಾನುವಾರ ಮಧ್ಯಾಹ್ನ ಗಂಗುಲಪ್ಪನ ಆಟೋದಲ್ಲಿ ಹುಳ ಬಂತು. ತಟ್ಟೆಗಳನ್ನು ಪಡಸಾಲೆಯಲ್ಲಿ ಇಳಿಸಿದ. ನಮ್ಮನೆಯವರು ಯಾರ ಮುಖವನ್ನೂ ನೋಡದೆ ರಬ್ಬರ್ ಪೈಪು ತಂದರು. "ಮಾತು ಅಂದ್ರೆ ಮಾತು," ಎಂದು ನೀರು ಹೊರಗೆ ಬಿಡತೊಡಗಿದರು. ಸಮುದ್ರ ನೋಡಬೇಕೆಂದಿದ್ದ ನಾನು ಅದು ಬಚ್ಚಲಿಗೆ ಹರಿದುಹೋಗುವುದನ್ನು ನೋಡುತ್ತಾ ನಿಂತೆ. ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ, ತೊಟ್ಟಿ ಒಯ್ಯಲು ಬಂದಿದ್ದ ಪಾಷಾ ದೊಡ್ಡ ಕಲ್ಲನ್ನು ಎತ್ತಿದರು.

ಕಲ್ಲಿನ ಹಿಂದೆ ಕಂದು ಕಂಠದ ಭರಣಿ ಕೂತಿತ್ತು.

"ಇದೇನೋ ಇದು?" ಎಂದರು ಪಾಷಾ. ಗಂಗುಲಪ್ಪನೂ ಒಳಗೆ ಇಣುಕಿದ. ಅಷ್ಟರಲ್ಲಿ ಭರಣಿಯೊಳಗೆ ಮರಳು ಒಂಚೂರು ಕದಲಿತು. ಹಳದಿ ಮೂತಿಯೊಂದು ಮೇಲೆ ಬಂತು. ಗಾಯ ಮಾಯ್ದಿತ್ತು. ಮೀನು ಎಡಗಣ್ಣು ಹೊರಳಿಸಿ ನಮ್ಮನ್ನೆಲ್ಲ ನೋಡಿ, ಮೈ ಕೊಡವಿಕೊಂಡು ಹೊರಗೆ ಬಂದು, ಅರ್ಧ ಉಳಿದ ನೀರಿನಲ್ಲಿ ಒಂದು ಸುತ್ತು ಹಾಕಿತು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಏನೂ ಆಗದವರ ಹಾಗೆ ಗಂಗುಲಪ್ಪನ ಕಡೆ ತಿರುಗಿ, "ಹುಳದ ತಟ್ಟೆ ದೊಡ್ಡ ಕೋಣೆಗೆ ತಗೊಂಡು ನಡಿ. ಇಲ್ಲಿ ಜಾಗ ಇಲ್ಲ," ಎಂದರು.

ಇವರು ಪೈಪು ಕೈಬಿಟ್ಟರು. ಭರಣಿ ನೋಡಿದರು, ನನ್ನ ನೋಡಿದರು, ಸ್ಕೆಚ್ ಪೆನ್ನಿನ ಗೆರೆ ನೋಡಿದರು. ಸುಳ್ಳು ಹೇಳಿದ್ದಕ್ಕೆ ಬೈಸಿಕೊಳ್ಳಲು ನಾನು ತಯಾರಾದೆ. ಆದರೆ ಇವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ತಾಯಿಯ ಮುಂದೆ ಮೊದಲ ಬೆಂಚಿನ ವಿದ್ಯಾರ್ಥಿಯ ಹಾಗೆ ನಿಂತುಕೊಂಡು ಕೇಳಿದರು.

"ಎಷ್ಟು ಆಳ ಹಾಕಿದ್ದೆ ಅಮ್ಮ?"

"ನಾಲ್ಕು ಬೆರಳು."

ಪಾಷಾ ತಮ್ಮ ಬೆರಳು ಜೋಡಿಸಿ ನೋಡಿಕೊಂಡರು. ಒಂದೊಂದೂ ಬಾಳೆಹಣ್ಣಿನಷ್ಟು ದಪ್ಪ. "ಯಾರ ಬೆರಳು ಅಮ್ಮ?" ಎಂದು ಪೆಚ್ಚಾಗಿ ಕೇಳಿದರು. ಅತ್ತೆ ಬಲಗೈ ಚಾಚಿದರು. ಸೊಪ್ಪು ಬಿಡಿಸಿ ಬಿಡಿಸಿ ಕಪ್ಪಾದ ಕೈ. ಪಾಷಾ ಜೇಬಿನಲ್ಲಿದ್ದ ರೇಷ್ಮೆ ನೂಲಿನ ತುಂಡೊಂದನ್ನು ಆ ನಾಲ್ಕು ಬೆರಳಿನ ಮೇಲೆ ಅಡ್ಡ ಹಿಡಿದು, ಎರಡು ಕಡೆ ಗಂಟು ಹಾಕಿ ಭದ್ರವಾಗಿ ಇಟ್ಟುಕೊಂಡರು.

ಮೂರು ದಿನ ಬಿಟ್ಟು ಶಿಡ್ಲಘಟ್ಟದಿಂದ ಹಮೀದಾ ಬೇಗಂ ಫೋನ್ ಮಾಡಿದರು. "ಶೋಭಾ, ನಮ್ಮನೆ ನಿಂಬೆ ಉಪ್ಪಿನಕಾಯಿ ಎಲ್ಲಾ ಬಕೆಟ್‌ನಲ್ಲಿ ಇದೆ. ಭರಣಿ ಕಾಣಿಸ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

ನಾನು ಅತ್ತೆಯ ಮುಖ ನೋಡಿದೆ. ಅವರು ಬೇಡ ಎಂದು ಕೈಯಾಡಿಸಿ, ಮಣೆ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು.

"ಪಾಷಾ ಅದನ್ನ ಆರು ಸಲ ತೊಳೆದ್ನಾ ಅಂತ ಮಾತ್ರ ಕೇಳು," ಎಂದರು.