ಬಿಡಬೇಕಾದ ಕಣ್ಣು

ನಮ್ಮದು ಬಲೆ ಹೆಣೆಯುವ ಮನೆ. ಮುಂದಿನ ಕೋಣೆಯ ತುಂಬ ನೈಲಾನ್ ಬಲೆ. ನೆಂಟರಿಗೆ ಕೂರಲು ಜಾಗವಿಲ್ಲ, ಹಾಗಾಗಿ ನೆಂಟರೂ ಕಡಿಮೆ. ಅಜ್ಜಿಯ ಕಾಲದಿಂದ ಒಂದು ಕಟ್ಟುಪಾಡು: ಯಾವ ಬಲೆಯಾದರೂ ಸರಿ, ಕೆಳಗಿನ ಮೂಲೆಯಲ್ಲಿ ಒಂದು ಕಣ್ಣನ್ನು ಮಾತ್ರ ಆಳು ನುಸುಳುವಷ್ಟು ಅಗಲ ಬಿಡಬೇಕು. ಕಡಲಿನ ಜನ ಆಗಾಗ ಮೇಲೆ ಬಂದು ಉಸಿರು ತೆಗೆದುಕೊಳ್ಳದಿದ್ದರೆ ಬದುಕುವುದಿಲ್ಲವಂತೆ. ಬಲೆಯೊಳಗೆ ಸಿಕ್ಕಿದರೆ ಅವರಿಗೆ ಅದೊಂದೇ ದಾರಿ. "ಇದ್ದಬದ್ದ ಮೀನೆಲ್ಲ ಅಲ್ಲೇ ಓಡಿಹೋಗುತ್ತೆ" ಎಂದು ದೋಣಿಯವರು ಮೂಗು ಮುರಿಯುತ್ತಿದ್ದರು. ಆ ಕಣ್ಣಿಲ್ಲದ ಬಲೆಯನ್ನು ಮಾತ್ರ ಒಬ್ಬರೂ ಮುಟ್ಟುತ್ತಿರಲಿಲ್ಲ.

ನನಗಾಗ ಹದಿನೇಳು. ಮಧ್ಯಾಹ್ನ ಅಮ್ಮ ಅಡ್ಡಾದ ಮೇಲೆ ದಾರದ ಉಂಡೆ ಹಿಡಿದು ದೋಣಿಕಟ್ಟೆಯ ತುದಿಗೆ ಹೋಗಿ ಕೂರುತ್ತಿದ್ದೆ. ಅವನು, ಆ ಕಡಲಿನ ಜನರಲ್ಲೊಬ್ಬ, ನೀರಿನಿಂದ ಎದ್ದು ಅಲ್ಲಿಗೇ ಬರುತ್ತಿದ್ದ. ಎಷ್ಟೇ ಬಿಸಿಲಿರಲಿ, ಅವನ ಕೂದಲು ಒಣಗುತ್ತಿರಲಿಲ್ಲ.

"ತಲೆ ಒರೆಸ್ಕೊಳ್ಳೋಕೆ ನಿಮ್ಮನೇಲಿ ಟವೆಲ್ ಇಲ್ವಾ?" ಎಂದು ಮೊದಲ ದಿನ ಕೇಳಿದ್ದೆ.

"ನಮ್ಮನೇಲಿ ಒಣಗಿರೋದು ಅಂತ ಏನೂ ಇಲ್ಲ" ಎಂದ. ನಗು ತಡೆಯಲಾಗಲಿಲ್ಲ. ಅಲ್ಲಿಗೆ ನನ್ನ ಕತೆ ಮುಗಿಯಿತು.

ನಮ್ಮ ಬಲೆಗಳೆಂದರೆ ಅವನಿಗೆ ಭಯವೇ ಇರಲಿಲ್ಲ. "ನಿಮ್ಮ ಬಲೆ ಅಂದ್ರೆ ಬಾಗಿಲು ತೆಗೆದಿರೋ ಮನೆ. ಒಳಗೆ ಹೋಗಿ ಮೀನುಗಳನ್ನ ಹೆದರಿಸಿ ಬರ್ತೀನಿ" ಎನ್ನುತ್ತಿದ್ದ. ಒಂದು ದಿನ "ನನ್ನ ಜೊತೆ ಬಂದ್ಬಿಡು" ಎಂದ. ಅವನ ಕೈ ಹಿಡಿದು ಮೂರು ದಿನ, ದಿನಕ್ಕೊಂದು ಸಲ ಮುಳುಗಿದರೆ ನಾನೂ ಅವರವಳಾಗುತ್ತೇನೆ. ಆಮೇಲೆ ವಾಪಸು ಬರುವ ಹಾಗಿಲ್ಲ. ಎರಡು ಸಲ ಮುಳುಗಿದೆ. ಮೂರನೆಯದು ಶುಕ್ರವಾರ ಎಂದು ಮಾತಾಯಿತು. ಅಮ್ಮನ ಗತಿಯೇನು ಎಂದು ಯೋಚಿಸಿದೆನೇ? ಇಲ್ಲ. ನಮ್ಮ ಕಿಟಕಿಯಿಂದ ಕಟ್ಟೆ ಕಾಣುತ್ತದೆ ಎನ್ನುವುದೂ ನನಗೆ ಹೊಳೆದಿರಲಿಲ್ಲ.

ಗುರುವಾರ ಅಮ್ಮ ನನ್ನ ಜಡೆ ಮುಟ್ಟಿ ನೋಡಿದಳು. ಒದ್ದೆ. ಬೈಗುಳ ಗ್ಯಾರಂಟಿ ಎಂದುಕೊಂಡೆ.

"ಮಾವನ ಹೊಸ ಬಲೆ ಬೆಳಿಗ್ಗೆ ಹೋಗ್ಬೇಕು. ಮೂಲೆ ನಾನು ಮುಗಿಸ್ತೀನಿ, ನೀನು ಊಟ ಮಾಡು ಮಗಳೇ" ಎಂದಳು. ನಾಳೆ ಬಿಟ್ಟು ಹೋಗುವವಳಿಗೆ ಇಷ್ಟು ಅಕ್ಕರೆಯೇ ಎಂದುಕೊಳ್ಳುತ್ತ ಊಟ ಮುಗಿಸಿದೆ. ಎಂಥ ದಡ್ಡಿ ನಾನು!

ಶುಕ್ರವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅವನು ಬರಲಿಲ್ಲ. ಕಟ್ಟೆಯ ಎದುರಿಗೇ ಬಲೆ ಬಿಟ್ಟಿದ್ದ ಮಾವ ಹೊತ್ತಿಗೆ ಮುಂಚೆ ದೋಣಿ ತಿರುಗಿಸಿದ. ಬಲೆ ಕತ್ತರಿಸಿ, ಅವನನ್ನು ಹೊರತೆಗೆದು ಹಲಗೆಯ ಮೇಲೆ ಮಲಗಿಸಿದರು.

"ಯಾರ ಮನೆ ಮಗನೋ, ಪಾಪ" ಎಂದ ಮಾವ. ಬಿಸಿಲು ಸುಡುತ್ತಿತ್ತು. ಅವನ ಕೂದಲು ಒಣಗಿತ್ತು.

ಕತ್ತರಿಸಿದ ಬಲೆ ರಿಪೇರಿಗೆ ನಮ್ಮ ಮನೆಗೇ ಬಂತು. ಮೂಲೆ ಹುಡುಕಿದೆ. ಬಿಡಬೇಕಾದ ಕಣ್ಣಿಗೆ ಅಡ್ಡಡ್ಡ ದಾರ ಬಿದ್ದಿತ್ತು. ಹನ್ನೊಂದು ಗಂಟು, ಎಲ್ಲವೂ ಎಡಕ್ಕೆ ವಾಲಿದ್ದವು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಹೆಣೆಯುವವಳು ಒಬ್ಬಳೇ.

"ಅಮ್ಮಾ, ಇದು ನಿನ್ನ ಗಂಟು."

"ಹೂಂ, ನಂದೇ." ಒಂದು ಸುಳ್ಳಾದರೂ ಹೇಳಬಾರದಿತ್ತೇ! "ಗೊತ್ತಿದ್ದೇ ಹಾಕ್ದೆ. ನಿಮ್ಮಪ್ಪನ್ನ ಆ ನೀರಿಗೆ ಕೊಟ್ಟಾಯ್ತು. ನಿನ್ನನ್ನೂ ಕೊಟ್ಟು ನಾನು ಯಾರ ಮುಖ ನೋಡ್ಕೊಂಡು ಇರ್ಲಿ?"

ನಾನು ಅವಳನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಎದುರುಬದುರು ಕೂತು ಹೆಣೆಯುತ್ತೇವೆ. ಪ್ರತಿ ಬಲೆಯ ಮೂಲೆ ಈಗ ನನ್ನ ಪಾಲು. ಅವಳು ಆ ಕಡೆ ಕೈ ಚಾಚುವುದಿಲ್ಲ.

ಎರಡನೆಯ ಮುಳುಗಿನಿಂದ ಈಚೆಗೆ ನನ್ನ ಕೂದಲು ಒಣಗಿಲ್ಲ. ಅಮ್ಮ ದಿನಾ ಬೆಳಿಗ್ಗೆ ಟವೆಲ್ ಹಿಡಿದು ಹಿಂದೆ ಬಂದು ನಿಲ್ಲುತ್ತಾಳೆ. "ಶೀತ ಆಗುತ್ತೆ ಕಣೇ" ಎನ್ನುತ್ತ ಒರೆಸುತ್ತಾಳೆ, ಕೈ ಸೋಲುವವರೆಗೆ ಒರೆಸುತ್ತಾಳೆ. ನಾನು ಬದುಕಿರುವವರೆಗೆ ಅದು ಒಣಗುವುದಿಲ್ಲ ಎಂದು ಅವಳಿಗೆ ಹೇಳಿಲ್ಲ. ಒರೆಸಲಿ.