ಮೊದಲ ಸಾಲಿನ ಕುರ್ಚಿ

ದೀಪದ ಕಂಬ ಬಿದ್ದ ಸದ್ದಿಗೆ ಮದುವೆ ಹಾಲಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಆಳೆತ್ತರದ ಕಬ್ಬಿಣದ ಕಂಬ, ಕೆಳಗೆ ಕಲ್ಲಿನ ನೆಲ. ಲೈಟಿನವನು "ಕೈ ಜಾರ್ತು, ಕೈ ಜಾರ್ತು" ಎಂದು ತನ್ನ ಎರಡೂ ಕಿವಿ ಹಿಡಿದುಕೊಂಡ. ಹೂವಿನವಳು ಎದೆಯ ಮೇಲೆ ಕೈಯಿಟ್ಟುಕೊಂಡು ಅವನ ಏಳು ತಲೆಮಾರಿನವರನ್ನೂ ನೆನೆದಳು. ಫೋನಿನಲ್ಲಿ ಮಾತಾಡುತ್ತಿದ್ದ ಮದುಮಗಳು, ಆ ಕಡೆಯವರಿಗೆ "ಏನಿಲ್ಲ, ಏನಿಲ್ಲ" ಎನ್ನುತ್ತ ಹೊರಗೆ ನಡೆದಳು.

ಅಲುಗಾಡದೆ ಕುಳಿತವರು ಒಬ್ಬರೇ, ಮದುಮಗಳ ತಾಯಿ. ಕಂಬ ಬಿದ್ದದ್ದು ಅವರ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ. ಅವರು ಮಡಿಲ ತುಂಬ ಪರದೆ ಬಟ್ಟೆಯ ಮಾದರಿಗಳನ್ನು ಹರಡಿಕೊಂಡು, ಅವುಗಳಲ್ಲೊಂದನ್ನು ಎರಡು ಬೆರಳ ನಡುವೆ ಉಜ್ಜಿ ಉಜ್ಜಿ ನೋಡುತ್ತಿದ್ದರು.

ಟೇಪಕ್ಕ ಅದನ್ನು ಕಂಡಳು. ಇಪ್ಪತ್ತೆರಡು ವರ್ಷಗಳಿಂದ ಮದುವೆ ಸಮಾರಂಭಗಳನ್ನು ವಿನ್ಯಾಸ ಮಾಡಿ ನಡೆಸಿಕೊಡುವವಳು ಅವಳು. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಊರಿಗೆಲ್ಲ ಟೇಪಕ್ಕ. ಬಾಡಿಗೆ ಕುರ್ಚಿಗಳನ್ನು ಒರೆಸುವ ಕೆಲಸದಿಂದ ಮೇಲೆ ಬಂದವಳು. ಅದಕ್ಕೇ ಏನೋ, ಈಗಲೂ ಅವಳ ಯೋಚನೆಯೆಲ್ಲ ಕುರ್ಚಿಯಿಂದಲೇ ಶುರುವಾಗುತ್ತಿತ್ತು. ಯಾವ ಕುರ್ಚಿಯಲ್ಲಿ ಯಾರು ಕೂರುತ್ತಾರೋ, ಆ ಕುರ್ಚಿಯಲ್ಲಿ ಮೊದಲು ತಾನು ಕೂತು ನೋಡಬೇಕು. ಕಾಗದದ ಮೇಲಿನ ನಕ್ಷೆ ಎಷ್ಟು ಚೆನ್ನಾಗಿದ್ದರೂ ಅವಳಿಗೆ ನಂಬಿಕೆ ಬರುತ್ತಿದ್ದುದು ಹಾಗೆ ಕೂತ ಮೇಲೆಯೇ.

ಅವಳು ತಾಯಿಯ ಹಿಂದೆ ಹೋಗಿ ನಿಂತು, "ಅಮ್ಮಾ, ಆ ಬಟ್ಟೆಗೆ ಇರುವೆ ಹತ್ತಿದೆ" ಎಂದಳು. ಉತ್ತರವಿಲ್ಲ. ಸುತ್ತಿ ಎದುರಿಗೆ ಬಂದು ಒಂದು ಮಣೆ ಎಳೆದುಕೊಂಡು ಕೂತಳು. ತಾಯಿ ತಲೆಯೆತ್ತಿ ನಕ್ಕರು. ಟೇಪಕ್ಕ ದನಿಯೇ ಹೊರಡಿಸದೆ, ತುಟಿ ಮಾತ್ರ ಆಡಿಸಿ ಕೇಳಿದಳು: "ಕಾಫಿ ಕುಡಿಯೋಣ್ವಾ?"

"ಕುಡಿಯೋಣ ಬಾ, ಬೆಳಿಗ್ಗೆಯಿಂದ ಗಂಟಲು ಒಣಗಿದೆ," ಎಂದರು ತಾಯಿ.

ಅಂದವರೇ ಟೇಪಕ್ಕನ ಮುಖ ನೋಡಿದರು. ತುಟಿ ಆಡಿದರೂ ಅವಳ ಗಂಟಲು ಅಲುಗಿರಲಿಲ್ಲ; ಅವಳು ಏನು ಮಾಡಿದಳೆಂಬುದು ನಿಧಾನಕ್ಕೆ ತಿಳಿಯಿತು. ಬಾಗಿಲ ಕಡೆ, ಮಗಳಿದ್ದ ಕಡೆ, ಒಮ್ಮೆ ಕಣ್ಣು ಹಾಯಿಸಿದರು.

"ಸಿಕ್ಕಿಬಿದ್ದೆ ಅಲ್ವಾ?" ಎಂದರು, ಕದ್ದು ಬೆಲ್ಲ ತಿಂದ ಹುಡುಗಿಯ ಹಾಗೆ.

ಕಾಫಿ ಕುಡಿಯುತ್ತ ಅವರೇ ಹೇಳಿದರು. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ ಕೆಲಸ. ಸಾಲಾಗಿ ಇನ್ನೂರು ಯಂತ್ರ ಓಡುವಾಗ ಯಾರು ಕಿರುಚಿದರೂ ಯಾರಿಗೂ ಕೇಳುವುದಿಲ್ಲ. ಅಲ್ಲಿನ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುವುದನ್ನು ಕಲಿತಿದ್ದರು. ಆ ತುದಿಯಿಂದ ಈ ತುದಿಗೆ ಮನೆ ಜಗಳ, ಮಕ್ಕಳ ಜ್ವರ, ಮೇಸ್ತ್ರಿಯ ಮೇಲಿನ ಚಾಡಿ ಎಲ್ಲ ಸದ್ದಿಲ್ಲದೆ ಸಾಗುತ್ತಿತ್ತು. ಕೆಲಸ ಬಿಟ್ಟ ಮೇಲೆ ಕಿವಿ ಒಂದೊಂದಾಗಿ ಬಾಗಿಲು ಮುಚ್ಚಿಕೊಂಡವು. ತುಟಿ ಓದುವುದು ಬರುತ್ತಿತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ.

"ಮಗಳಿಗೂ?"

"ಅವಳಿಗೆ ಚಿಕ್ಕವಳಿದ್ದಾಗಿಂದ ಅಭ್ಯಾಸ. ಮಾತಾಡೋದಾದ್ರೆ ಮುಖ ನೋಡಿ ಮಾತಾಡು ಅಂತ ಬೈದು ಬೈದು ಕಲಿಸಿದ್ದೆ. ಈಗಲೂ ಸುತ್ತಿ ಎದುರಿಗೇ ಬರ್ತಾಳೆ. ಅದು ಮರ್ಯಾದೆ ಅಂದ್ಕೊಂಡಿದ್ದಾಳೆ, ಪಾಪ."

"ಹೇಳಿಬಿಡಬಾರ್ದಾ ಅಮ್ಮಾ?"

"ಮದುವೆಯಾಗಿ ಹತ್ತು ದಿನಕ್ಕೆ ಹೊಸ ಊರು, ಹೊಸ ಕೆಲಸ. ಈಗ ಗೊತ್ತಾದ್ರೆ ಹೋಗಲ್ಲ. ಹೋದ್ರೂ ಅರ್ಧ ಹೋಗ್ತಾಳೆ. ಡಾಕ್ಟರ ಹತ್ರ ಹೋಗಿ ಬಂದಿದ್ದೀನಿ, ಕಿವಿಗೆ ಮಿಷನ್ನು ಹಾಕ್ತಾರಂತೆ. ಅವಳು ಅಲ್ಲಿ ಒಲೆ ಹಚ್ಚಿ ಎರಡು ದಿನ ಊಟ ಮಾಡ್ಲಿ, ಆಮೇಲೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬಾರ್ದು."

"ಬಿಡಲ್ಲ. ಆದ್ರೆ ಒಂದು ವಿಷಯ ಗೊತ್ತಾ? ಮೈಕ್ ಹಿಡಿದು ಐದು ನಿಮಿಷ ಮಾತಾಡ್ತೀನಿ ಅಂತ ಹೋದ ವಾರ ಒಪ್ಪಿಕೊಂಡಿದ್ದೀರಿ."

"ನಾನಾ!" ತಾಯಿಯ ಕೈಯಲ್ಲಿದ್ದ ಲೋಟ ತುಳುಕಿತು. "ಯಾರ ಹತ್ರ?"

"ನಿಮ್ಮ ಅಳಿಯನ ಹತ್ರ. ಅವರು ಕೇಳಿದ್ರು, ನೀವು ಅದಕ್ಕೇನಂತೆ ಅಂದ್ರಿ. ನಾನು ಕಾರ್ಯಕ್ರಮದ ಪಟ್ಟಿಯಲ್ಲಿ ಹಾಕಿದ್ದೀನಿ."

ಇಬ್ಬರೂ ನಕ್ಕರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದು ನಕ್ಕಿದ್ದಕ್ಕೆ ಮಾತ್ರ ಅಲ್ಲವೆಂದು ಟೇಪಕ್ಕನಿಗೆ ಅನಿಸಿತು.

"ಅದೇ ನೋಡು ನನ್ನ ಸಂಕಟ. ಆ ಹುಡುಗ ಮನೆಗೆ ಬರೋಕೆ ಶುರುವಾಗಿ ಎಂಟು ತಿಂಗಳಾಯ್ತು. ಒಂದು ಅಕ್ಷರ ನನಗೆ ಗೊತ್ತಾಗಿಲ್ಲ. ಮೀಸೆ ಒಂದು ಅಲ್ಲಾಡುತ್ತೆ ಅಷ್ಟೆ, ಪೊದೆಯೊಳಗೆ ಮೊಲ ಸೇರಿಕೊಂಡ ಹಾಗೆ. ನಾನು ನಗ್ತೀನಿ, ಹೂಂ ಅಂತೀನಿ. ಒಳ್ಳೆಯವನೇ ಇರಬೇಕು, ಮಗಳು ಆರಿಸಿದ್ದಾಳಲ್ಲ. ಆದ್ರೆ ನನಗೇ ಗೊತ್ತಾಗಬೇಡ್ವಾ? ಮದುವೆ ದಿನ ಎಲ್ಲರ ಮುಂದೆ ಇಬ್ಬರೂ ಒಬ್ಬರಿಗೊಬ್ಬರು ಮಾತು ಕೊಡ್ತಾರಂತೆ. ಅವನು ನನ್ನ ಮಗಳಿಗೆ ಏನು ಹೇಳ್ತಾನೆ ಅನ್ನೋದು ಊರಿಗೆಲ್ಲ ಕೇಳುತ್ತೆ. ನನಗೊಬ್ಬಳಿಗೆ ಇಲ್ಲ."

ಅಷ್ಟರಲ್ಲಿ ಮಗಳು ಬಂದಳು. ಬಂದವಳು ತಾಯಿಯ ಕುರ್ಚಿಯನ್ನು ಸುತ್ತಿ, ಎದುರಿಗೆ ನಿಂತು, "ಯಾವ ಬಟ್ಟೆ ಇಷ್ಟವಾಯ್ತಮ್ಮಾ?" ಎಂದಳು.

ಮಾರನೆಯ ದಿನ ಟೇಪಕ್ಕ ಬಾಗಿಲು ಹಾಕಿಕೊಂಡು ಹಾಲಿನಲ್ಲಿ ಕೂತಳು. ಕೆರೆಯ ದಂಡೆಯ ಹಳೆಯ ಗೋದಾಮು ಅದು. ಪಶ್ಚಿಮದ ಗೋಡೆಯನ್ನು ತೆಗೆದು ನೆಲದಿಂದ ಮಾಡಿನವರೆಗೆ ಗಾಜು ಹಾಕಿದ್ದರು. ಗಾಜಿನ ಮುಂದೆ ವೇದಿಕೆ, ಹಿಂದೆ ಮುಳುಗುವ ಸೂರ್ಯ. ಮದುಮಗಳು ಆ ಒಂದು ಚಿತ್ರಕ್ಕಾಗಿಯೇ ಈ ಜಾಗ ಹಿಡಿದಿದ್ದಳು. ಟೇಪಕ್ಕ ತಾಯಿಯ ಕುರ್ಚಿಯಲ್ಲಿ ಕೂತು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಲೈಟಿನವನನ್ನೂ ಹೂವಿನವಳನ್ನೂ ವೇದಿಕೆಗೆ ಹತ್ತಿಸಿದಳು. "ಮದುವೆ ಗಂಡು ಹೆಣ್ಣು ನಿಂತ ಹಾಗೆ ನಿಂತ್ಕೊಂಡು ಏನಾದ್ರೂ ಮಾತಾಡಿ."

ಅವರಿಬ್ಬರಿಗೂ ಹಿಂದಿನ ದಿನ ಕಂಬ ಬಿದ್ದಾಗಿನಿಂದ ಮಾತಿರಲಿಲ್ಲ. ಇದೇ ಸಮಯವೆಂದು ಬೈದಾಡಿಕೊಂಡರು. ಟೇಪಕ್ಕನಿಗೆ ಏನೂ ತಿಳಿಯಲಿಲ್ಲ. ಬೆಳಕು ಬೆನ್ನ ಹಿಂದಿನಿಂದ ಬರುತ್ತಿದ್ದುದರಿಂದ ಇಬ್ಬರೂ ಬರೀ ಕಪ್ಪು ನೆರಳು. ಕೈಯಲ್ಲಿ ಹಿಡಿದ ಮೈಕು ಬಾಯಿಗೆ ಅಡ್ಡ. ಹೂವಿನ ಕಮಾನಿನ ಒಂದು ಕಾಲು ಸರಿಯಾಗಿ ಗಂಡಿನ ಮುಖದ ಮೇಲೆ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಎಷ್ಟು ಜನ ಹೀಗೆ ಮೊದಲ ಸಾಲಿನಲ್ಲಿ ಕೂತು ಏನೂ ಕಾಣದೆ ಎದ್ದು ಹೋದರೋ ಎಂದುಕೊಂಡಳು.

ಸಂಜೆಯೊಳಗೆ ನಕ್ಷೆ ತಲೆಕೆಳಗಾಯಿತು. ವೇದಿಕೆ ಎದುರಿನ ಪೂರ್ವದ ಗೋಡೆಗೆ ಹೋಯಿತು; ಗಾಜಿನಿಂದ ಬರುವ ಬೆಳಕು ಈಗ ನೇರ ಮುಖದ ಮೇಲೆ. ಕೈಮೈಕು ಹೋಗಿ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಬಂತು. ಕಮಾನು ಹೋಗಿ ಹೂವೆಲ್ಲ ಮೊಣಕಾಲಿನ ಮಟ್ಟಕ್ಕೆ ಇಳಿಯಿತು. ತಾಯಿಯ ಕುರ್ಚಿ ನಡುವಿನಿಂದ ಎಡತುದಿಗೆ ಸರಿಯಿತು, ಗಂಡು ನಿಲ್ಲುವ ಜಾಗಕ್ಕೆ ಮುಖ ಮಾಡಿ. ಅದರ ಮುಂದೆ ಟೇಪಿನಲ್ಲಿ ಅಳೆದು ಮೂರಡಿ ಖಾಲಿ ಬಿಟ್ಟಳು.

ಮದುಮಗಳು ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಟೇಪಕ್ಕಾ, ನನ್ನ ಸೂರ್ಯ ಎಲ್ಲಿ?"

"ಅತಿಥಿಗಳ ಬೆನ್ನ ಹಿಂದೆ. ಅಲ್ಲಮ್ಮಾ, ಇನ್ನೂರು ಜನರ ಕಣ್ಣಿಗೆ ಬಿಸಿಲು ಹೊಡೆದ್ರೆ ಎಲ್ಲರೂ ಹಣೆಗೆ ಕೈ ಅಡ್ಡ ಹಿಡ್ಕೊಂಡು ಕೂರ್ತಾರೆ. ಫೋಟೋದಲ್ಲಿ ಪೊಲೀಸು ಪರೇಡು ನಡೆದ ಹಾಗೆ ಕಾಣುತ್ತೆ."

"ಮತ್ತೆ ಅಮ್ಮನ್ನ ಯಾಕೆ ಮೂಲೆಗೆ ಹಾಕಿದ್ದೀರಿ? ಮುಂದೆ ಇಷ್ಟು ಖಾಲಿ ಬೇರೆ."

"ಅಲ್ಲಿ ಕೂತು ನೋಡು."

ಹುಡುಗಿ ಕೂತಳು. ಖಾಲಿ ವೇದಿಕೆಯ ಮೇಲೆ ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು. ಗುಡಿಸುತ್ತಿದ್ದ ಹೆಂಗಸಿನ ರೆಪ್ಪೆಗೂದಲು ಕೂಡ ಎಣಿಸುವ ಹಾಗೆ ಕಾಣುತ್ತಿತ್ತು. "ಇಲ್ಲಿಂದ ಎಲ್ಲ ಚೆನ್ನಾಗಿ ಕಾಣುತ್ತೆ," ಎಂದಳು.

ಉಳಿದದ್ದು ಮೀಸೆ.

ಮದುಮಗ ನಾಯಿ ಬೆಕ್ಕುಗಳ ಡಾಕ್ಟರು. ಟೇಪಕ್ಕ ಅವನ ದವಾಖಾನೆಗೆ ಹೋದಾಗ ಮೇಜಿನ ಮೇಲೆ ಒಂದು ಮುದಿ ನಾಯಿಯ ಉಗುರು ಕತ್ತರಿಸುತ್ತಿದ್ದ. ಮೆತ್ತನೆ ದನಿ, ಅದರ ಮೇಲೆ ದಟ್ಟ ಮೀಸೆ. ಮೇಲ್ತುಟಿಯಿರಲಿ, ಕೆಳತುಟಿಯನ್ನೂ ಅರ್ಧ ಮುಚ್ಚಿತ್ತು.

"ಡಾಕ್ಟ್ರೇ, ಒಂದು ಮಾತು. ಮೀಸೆ ತೆಗೀತೀರಾ?"

"ಏನು?" ಅವನು ಕತ್ತರಿ ಕೆಳಗಿಟ್ಟ. "ಕಾಲೇಜಿನಿಂದ ಸಾಕಿದ್ದೀನಿ ಅಕ್ಕಾ ಇದನ್ನ."

"ಫೋಟೋದವನು ಹೇಳ್ದ, ನೆರಳು ಬೀಳುತ್ತಂತೆ."

"ಸುಳ್ಳು. ನೆನ್ನೆ ತಾನೇ ಅವನು ಮೀಸೆ ಅಂದ್ರೆ ಹೀಗಿರಬೇಕು ಅಂದ." ನಕ್ಕು, ಮತ್ತೆ ಗಂಭೀರವಾದ. "ಅತ್ತೆ ಹೇಳಿ ಕಳಿಸಿದ್ರಾ?"

ಅವನು ನಾಯಿಯ ಬೆನ್ನು ಸವರುತ್ತ ನಿಂತ.

"ಅವರಿಗೆ ನಾನು ಇಷ್ಟ ಇಲ್ಲ ಅಕ್ಕಾ. ಇದನ್ನ ನಾನು ಅವರ ಮಗಳಿಗೂ ಹೇಳಿಲ್ಲ. ಮೊದಲನೇ ಸಲ ಅವರ ಮನೆಗೆ ಹೋದಾಗ, ಇವಳು ಒಳಗಿದ್ದಾಗ, ನೇರವಾಗಿ ಕೇಳ್ದೆ. ನಿಮ್ಮ ಮಗಳನ್ನ ಮದುವೆ ಆಗಬೇಕು ಅಂತಿದ್ದೀನಿ, ನಿಮಗೆ ಒಪ್ಪಿಗೆನಾ ಅಂತ. ಹಣ್ಣಿನ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಅವರು ನಕ್ಕು, ಕೈ ಅಡ್ಡ ಆಡಿಸಿಬಿಟ್ರು. ಬೇಡ ಅಂತ. ಆಮೇಲೆ ಎಲ್ಲದಕ್ಕೂ ಹೂಂ ಅಂತಾರೆ, ಕಾರ್ಡಿಗೂ ಹೂಂ, ತಾರೀಕಿಗೂ ಹೂಂ. ಮಗಳಿಗೋಸ್ಕರ ಒಪ್ಕೊಂಡಿದ್ದಾರೆ ಅಷ್ಟೆ. ಅವರು ಬಾಯಿಬಿಟ್ಟು ಒಪ್ಪಿಗೆ ಅಂತ ಹೇಳಿಲ್ಲ, ಇವತ್ತಿನವರೆಗೂ."

ಟೇಪಕ್ಕನಿಗೆ ನಿಜ ನಾಲಿಗೆಯ ತುದಿಯವರೆಗೆ ಬಂತು. ಕೊಟ್ಟ ಮಾತು ಅಡ್ಡ ನಿಂತಿತು. ಕೊರಳ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಾನು ಅಳತೆ ಹೇಳೋಳು ಡಾಕ್ಟ್ರೇ, ಅದನ್ನೇ ಹೇಳ್ತೀನಿ. ಮೀಸೆ ತೆಗೀರಿ. ಅವರ ಕುರ್ಚಿ ಮುಂದೆ ಮೂರಡಿ ಜಾಗ ಬಿಟ್ಟಿದ್ದೀನಿ. ಅಲ್ಲಿ ಬೆಳಕಿಗೆ ಮುಖ ಮಾಡಿ ಕೂತು, ಅದೇ ಮಾತನ್ನ ಇನ್ನೊಂದು ಸಲ ಕೇಳಿ. ಕೈಯಲ್ಲಿ ತಟ್ಟೆ ಗಿಟ್ಟೆ ಏನೂ ಹಿಡ್ಕೋಬೇಡಿ."

"ಅದರಿಂದ ಏನಾಗುತ್ತೆ?"

ಹೊರಗೆ ಬೀದಿಯಲ್ಲಿ ಯಾವುದೋ ಗಾಡಿ ಟೈರು ಢಬ್ಬೆಂದು ಒಡೆಯಿತು. ಪಂಜರದಲ್ಲಿದ್ದ ಬೆಕ್ಕು ನೆಗೆದು ಮೂಲೆ ಸೇರಿತು. ಮೇಜಿನ ಮೇಲಿನ ಮುದಿ ನಾಯಿ ಮಾತ್ರ ಡಾಕ್ಟರ ಮುಖವನ್ನೇ ನೋಡುತ್ತ ಬಾಲ ಆಡಿಸಿತು.

"ಇವನಿಗೇನೂ ಗೊತ್ತಾಗಲ್ಲ," ಎಂದ ಅವನು, ಅಭ್ಯಾಸದ ಮಾತಿನ ಹಾಗೆ. "ಕಿವಿ ಹೋಗಿ ವರ್ಷವಾಯ್ತು. ಮನೆಯವರಿಗೆ ತುಂಬಾ ದಿನ ತಿಳೀಲೇ ಇಲ್ಲ. ಎದುರಿಗೆ ಬಂದು ಕರೆದ್ರೆ ಓಡಿ ಬರ್ತಾನೆ, ಹಿಂದಿನಿಂದ ಕರೆದ್ರೆ..."

ಅಲ್ಲಿಗೆ ನಿಂತ. ಟೇಪಕ್ಕ ಕಿಟಕಿಯ ಹೊರಗೆ ನೋಡಿದಳು. ಅವನ ಕೈ ತಾನಾಗಿ ಮೇಲೆ ಹೋಗಿ ಮೀಸೆಯನ್ನು ಮುಟ್ಟಿಕೊಂಡಿತು.

"ನಾನು ಹೋಲಿಕೆ ಮಾಡ್ತಿಲ್ಲ ಅಕ್ಕಾ," ಎಂದ, ಕೆಂಪಾಗಿ.

"ನಾನೂ ಏನೂ ಹೇಳಿಲ್ಲ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಮದುವೆಯ ಸಂಜೆ ಬಾಗಿಲಲ್ಲಿ ನಿಂತಿದ್ದ ಲೈಟಿನವನು ಮದುಮಗನಿಗೇ, "ಸಾರ್, ಗಂಡಿನ ಕಡೆಯೋರು ಬಲಗಡೆ ಕೂರಬೇಕಂತೆ" ಎಂದ. ಮೀಸೆ ಹೋಗಿ ಮದುಮಗನ ಮೂಗಿನ ಕೆಳಗೆ ಒಂದು ಪಟ್ಟಿ ಬೆಳ್ಳಗೆ, ಹೊಸದಾಗಿ ಸುಣ್ಣ ಹೊಡೆದಂತೆ ಕಾಣುತ್ತಿತ್ತು. ಮದುಮಗಳು ವೇದಿಕೆಯ ಮೇಲೆ ಅವನನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಯಾರ್ರೀ ನೀವು?" ಎಂದದ್ದು ಮೈಕಿನಲ್ಲಿ ಇನ್ನೂರು ಜನಕ್ಕೂ ಕೇಳಿಸಿತು. ಹಾಲು ನಗೆಯಲ್ಲಿ ಮುಳುಗಿತು.

ಬಿಸಿಲು ಹೇಳಿ ಕರೆಸಿದ ಹಾಗೆ ಬಂದು ಇಬ್ಬರ ಮುಖದ ಮೇಲೆ ನಿಂತಿತು. ಮದುಮಗ ಮಾತಾಡತೊಡಗಿದ. ದೊಡ್ಡ ಮಾತೇನಲ್ಲ. ನಿನಗೆ ಸಿಟ್ಟು ಬಂದಾಗ ನಾನು ಮನೆ ಬಿಟ್ಟು ಹೋಗುವುದಿಲ್ಲ, ನಿನ್ನ ಕೆಲಸವನ್ನು ನನ್ನ ಕೆಲಸಕ್ಕಿಂತ ಚಿಕ್ಕದೆಂದು ಎಣಿಸುವುದಿಲ್ಲ, ನಿನಗೆ ಇಷ್ಟವಾದವರನ್ನು ನನ್ನವರೆಂದು ನೋಡಿಕೊಳ್ಳುತ್ತೇನೆ. ಒಂದೊಂದು ಮಾತನ್ನೂ ತುಟಿ ತುಂಬ ತೆರೆದು, ನಿಧಾನಕ್ಕೆ ಹೇಳಿದ. ಗೋಡೆಗೆ ಒರಗಿ ನಿಂತ ಟೇಪಕ್ಕ ವೇದಿಕೆಯನ್ನು ನೋಡಲೇ ಇಲ್ಲ. ಅವಳು ನೋಡುತ್ತಿದ್ದುದು ಎಡತುದಿಯ ಕುರ್ಚಿಯನ್ನು. ತಾಯಿ ಮುಂದಕ್ಕೆ ಬಾಗಿದ್ದರು. ಅವರ ತುಟಿಗಳು ಒಂದು ಕ್ಷಣ ತಡವಾಗಿ ಅದೇ ಮಾತುಗಳನ್ನು ಆಡಿಕೊಳ್ಳುತ್ತಿದ್ದವು.

ಮದುವೆ ದಾಖಲೆಗೆ ಇಬ್ಬರ ಸಹಿ ಮುಗಿದು ಚಪ್ಪಾಳೆ ಬಿದ್ದಾಗ ಮದುಮಗ ಅಂಗಿಗೆ ಸಿಕ್ಕಿಸಿದ್ದ ಮೈಕು ತೆಗೆದು ಹೂವಿನ ಪಕ್ಕ ಇಟ್ಟ. ಇಳಿದು ಬಂದು, ಮೂರಡಿಯ ಜಾಗದಲ್ಲಿ, ತಾಯಿಯ ಮುಖದ ಮಟ್ಟಕ್ಕೆ ಮೊಣಕಾಲೂರಿ ಕೂತ. ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನ ತುಟಿಗಳು ಆಡಿದವು. ಪಕ್ಕದ ಕುರ್ಚಿಯ ಅಜ್ಜಿಗೂ ಏನೂ ಕೇಳಿಸಲಿಲ್ಲ. ಅವಳು ಸುಮ್ಮನೆ ಕಿವಿ ಮುಂದೆ ಮಾಡಿದಳು.

ತಾಯಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಮುಖದಲ್ಲಿ ಮೊದಲು ಗಾಬರಿ ಬಂತು, ಎಂದೋ ಬೇಡವೆಂದ ಹಣ್ಣಿನ ತಟ್ಟೆಯನ್ನು ನೆನಪು ಮಾಡಿಕೊಳ್ಳುವವರಂತೆ. ಆಮೇಲೆ ಕೈ ಬಾಯಿಯ ಮೇಲೆ ಹೋಯಿತು. ಕೈ ತೆಗೆದು, ಇನ್ನೂರು ಯಂತ್ರಗಳ ನಡುವೆ ನಿಂತು ಹೇಳುವ ಹಾಗೆ, ದನಿಯಿಲ್ಲದೆ, ತುಟಿ ದೊಡ್ಡದು ಮಾಡಿ ಉತ್ತರ ಕೊಟ್ಟರು. ಅಷ್ಟು ದೂರದಿಂದ ಟೇಪಕ್ಕನಿಗೂ ಅದು ಓದಲು ಬಂತು.

"ಏನಮ್ಮಾ ಅದು ಗುಟ್ಟು?" ಮಗಳು ವೇದಿಕೆಯಿಂದ ಕೂಗಿದಳು. "ನನಗೂ ಹೇಳಿ!"

ತಾಯಿ ತಿರುಗಲಿಲ್ಲ. ಅಳಿಯನ ಬೋಳು ಮೇಲ್ತುಟಿಯನ್ನು ಹೆಬ್ಬೆರಳಿನಿಂದ ಸವರಿ, ಬಟ್ಟೆಯ ಗುಣ ನೋಡುವವರಂತೆ ತಲೆಯಾಡಿಸುತ್ತಿದ್ದರು. ಮಗಳು ಇನ್ನೊಮ್ಮೆ ಕೂಗಲು ಬಾಯಿ ತೆರೆದವಳು ಹಾಗೇ ನಿಂತು ಒಂದು ಕ್ಷಣ ಅಮ್ಮನ ಬೆನ್ನನ್ನು ನೋಡಿದಳು. ಆಮೇಲೆ ನೆಲಕ್ಕೆ ಹರಡಿದ್ದ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೆಟ್ಟಿಲಿಳಿದಳು. ಹೂವಿನ ಸಾಲನ್ನು ದಾಟಿ, ಕುರ್ಚಿಯನ್ನು ಸುತ್ತಿಕೊಂಡು ಬಂದು, ಬೆಳಕಿಗೆ ಮುಖ ಮಾಡಿ ಅಮ್ಮನ ಎದುರಿಗೆ ಕೂತಳು. ಮೂರಡಿಯಲ್ಲಿ ಇಬ್ಬರಿಗೂ ಜಾಗವಿತ್ತು.