ಪರಾತದ ಅಂಚಿನ ತಗ್ಗು

ನಾನು ತಾಮ್ರದ ಒಂದು ಸಣ್ಣ ಪರಾತ, ಅಂಚೆದ್ದ ಅಗಲ ತಟ್ಟೆ. ಗದಗಿನ ಕಂಚಗಾರ ಓಣಿಯಲ್ಲಿ ಮೋನಪ್ಪನ ಸುತ್ತಿಗೆಯ ಕೆಳಗೆ ಕಣ್ಣು ಬಿಟ್ಟೆ. ಅವನ ಅಂಗಡಿಯಲ್ಲಿ ನನ್ನ ಅಣ್ಣತಮ್ಮಂದಿರೆಲ್ಲ ಕೊಡ, ಹಂಡೆ, ತಂಬಿಗೆಗಳಾಗಿ ಹುಟ್ಟಿದರು. ನನ್ನ ಹಣೆಬರಹವೇ ಬೇರೆಯಿತ್ತು.

ಮಿಶನ್ ಆಸ್ಪತ್ರೆಯಲ್ಲಿ ಹೆಡ್ವಿಗ್ ಎಂಬ ಪರದೇಶದ ದಾದಿಯಿದ್ದಳು. ಊರವರು ಅವಳನ್ನು ಹೆಡ್ವಿಗಮ್ಮ ಎನ್ನುತ್ತಿದ್ದರು. ಒಂದು ದಿನ ಅವಳು ಒಡೆದ ಪಿಂಗಾಣಿ ತಟ್ಟೆಯ ಚೂರುಗಳನ್ನು ಸೆರಗಿಲ್ಲದ ತನ್ನ ಅಂಗಿಯ ಮಡಿಲಲ್ಲಿ ಕಟ್ಟಿಕೊಂಡು ಮೋನಪ್ಪನ ಮುಂದೆ ಸುರಿದಳು. ಅದು ತಾಯಿಯ ಮನೆಯಿಂದ ತಂದ ತಟ್ಟೆಯಂತೆ. ಹಾಗೆಯೇ ಇನ್ನೊಂದು ಬೇಕು, ಆದರೆ ಒಡೆಯದಂಥದು ಬೇಕು ಎಂದಳು. ಚೂರಿನ ಅಂಚಿನಲ್ಲಿ ಸುತ್ತಲೂ ನಿರಿಗೆಗಳಿದ್ದವು. ಮೋನಪ್ಪ ನಕ್ಕುಬಿಟ್ಟ.

“ಏನ್ರಿ ಸಿಸ್ಟರಮ್ಮಾ, ತಾಮ್ರಕ್ಕ ಲಂಗ ಉಡಸು ಅಂತೀರೇನು?”

“ಹೌದು ಮೋನಪ್ಪ. ಲಂಗ ಬೇಕು,” ಎಂದಳು ಅವಳು, ತನಗೆ ಬಂದಷ್ಟು ಕನ್ನಡದಲ್ಲಿ.

ಹೀಗೆ ನನಗೆ ನಿರಿಗೆಯ ಅಂಚು ಬಂತು. ಒಳಗೆ ಕಲಾಯಿಯ ದಾವಲಸಾಬ ತವರದ ಬಿಳಿ ಲೇಪ ಹಚ್ಚಿದ. ಹೊರಗೆ ಕೆಂಪು, ಒಳಗೆ ಬಿಳುಪು. ಹುಳಿ ಮುಟ್ಟಿದರೆ ತಾಮ್ರ ಕಿಲುಬು ಬಿಡುತ್ತದೆ, ಆ ಕಿಲುಬು ಹೊಟ್ಟೆಗೆ ವಿಷ. ಅದಕ್ಕೇ ದೇವರು ತಾಮ್ರದ ಜೊತೆಗೆ ತವರವನ್ನೂ ಭೂಮಿಯಲ್ಲಿಟ್ಟ ಎಂದು ದಾವಲಸಾಬ ಹೇಳುತ್ತಿದ್ದ.

ಹೆಡ್ವಿಗಮ್ಮ ನನ್ನಲ್ಲಿ ಮಾಡುತ್ತಿದ್ದ ತಿನಿಸಿಗೆ ಅವಳ ಸೀಮೆಯಲ್ಲಿ ಏನೋ ಹೆಸರಿತ್ತು. ಅದು ಗದಗಿನ ನಾಲಿಗೆಯ ಮೇಲೆ ಕೂರಲಿಲ್ಲ. ಬೆಣ್ಣೆ ಹಾಕಿ ನಾದಿದ ಗೋಧಿ ಹಿಟ್ಟನ್ನು ಬೆರಳಿನಿಂದ ಒತ್ತಿ ಒತ್ತಿ ನನ್ನ ಮೈಗೆಲ್ಲ ಹಾಸುವುದು, ಅದರ ಮೇಲೆ ತತ್ತಿ, ಕೆನೆ, ಹುರಿದ ಉಳ್ಳಾಗಡ್ಡಿ ಕಲಸಿ ಸುರಿದು ಬೇಯಿಸುವುದು. ಅಡಿಗೆಮನೆಯಲ್ಲಿ ಅವಳಿಗೆ ನೆರವಾಗುತ್ತಿದ್ದ ಆಸ್ಪತ್ರೆಯ ಆಯಾ ಜೀವರತ್ನಬಾಯಿ ಅದನ್ನು ‘ತತ್ತಿ ರೊಟ್ಟಿ’ ಎಂದು ಕರೆದಳು. ಊರಲ್ಲಿ ಅದೇ ಹೆಸರು ನಿಂತಿತು.

ವಯಸ್ಸಾದ ಮೇಲೆ ಹೆಡ್ವಿಗಮ್ಮ ತನ್ನ ದೇಶಕ್ಕೆ ಹೊರಟಳು. ಹೋಗುವಾಗ ನನ್ನನ್ನು ಜೀವರತ್ನಬಾಯಿಯ ಕೈಗೆ ಕೊಟ್ಟು, “ಹಬ್ಬದಲ್ಲಿ ಮಾಡು. ಎಲ್ಲರಿಗೂ ಕೊಡು,” ಎಂದಳು. ಇಬ್ಬರೂ ಅತ್ತರು. ನಾನು ನಡುವೆ ಇದ್ದೆ. ಕಣ್ಣೀರಿಗೂ ಉಪ್ಪಿರುತ್ತದೆ ಎಂದು ನನಗೆ ಅಂದು ತಿಳಿಯಿತು.

ಬೆಟಗೇರಿಯ ಜೀವರತ್ನಬಾಯಿಯ ಮನೆ ಎರಡು ಅಂಕಣದ್ದು. ಹಬ್ಬವೆಂದರೆ ಅಲ್ಲಿ ಈಸ್ಟರ್. ಅದರ ಹಿಂದಿನ ಉಪವಾಸದ ವಾರಗಳಲ್ಲಿ ಅವಳು ತತ್ತಿ ಮುಟ್ಟುತ್ತಿರಲಿಲ್ಲ. ಕೋಳಿಗಳಿಗೆ ಉಪವಾಸ ಗೊತ್ತೇ? ಅವು ಇಡುತ್ತಲೇ ಇದ್ದವು. ಜೋಳದ ಬುಟ್ಟಿಯಲ್ಲಿ ತತ್ತಿ ತುಂಬುತ್ತ ಬರುತ್ತಿತ್ತು. ಶನಿವಾರ ಎಲ್ಲರೂ ಸ್ಮಶಾನಕ್ಕೆ ಹೋಗಿ ತಮ್ಮ ತಮ್ಮ ಹಿರಿಯರ ಗೋರಿಗಳಿಗೆ ಸುಣ್ಣ ಬಳಿಯುವರು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಆ ಬಿಳಿ ಗೋರಿಗಳ ನಡುವೆಯೇ ಆರಾಧನೆ. ಅದು ಮುಗಿದ ಮೇಲೆ ಪಾಸ್ಟರ್ ಅಯ್ಯನವರೂ ಓಣಿಯ ಹತ್ತಾರು ಜನರೂ ಜೀವರತ್ನಬಾಯಿಯ ಪಡಸಾಲೆಗೆ ನಾಷ್ಟಾಕ್ಕೆ ಬರುವುದು ವಾಡಿಕೆ. ಒಬ್ಬೊಬ್ಬರಿಗೂ ಸಿಗುತ್ತಿದ್ದುದು ಎರಡು ಬೆರಳಗಲದ ತುಂಡು. ಅಷ್ಟಕ್ಕೇ ವರ್ಷವೆಲ್ಲ ಕಾಯುತ್ತಿದ್ದರು.

ಪರದೇಶದ ತಿನಿಸು ಅವಳ ಕೈಯಲ್ಲಿ ನಮ್ಮದಾಯಿತು. ಕೆನೆಯ ಜಾಗಕ್ಕೆ ಗಟ್ಟಿ ಮೊಸರು ಬಂತು. ಮೆಂತೆ ತಪ್ಪಲ, ಹಸಿಮೆಣಸಿನಕಾಯಿ, ಕುಟ್ಟಿದ ಮೆಣಸು ಸೇರಿದವು. ಓವನ್ ಎಲ್ಲಿಂದ ಬರಬೇಕು? ಕೆಂಡ ಹರಡಿ, ಅದರೊಳಗೆ ಕಲ್ಲಿಟ್ಟು, ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಕಬ್ಬಿಣದ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಹೇರುವಳು. ಕೆಳಗಿನ ಬೆಂಕಿ ರೊಟ್ಟಿಗೆ, ಮೇಲಿನ ಬೆಂಕಿ ತತ್ತಿಗೆ. ನಡುವೆ ನಾನು, ಬಾಯಿ ಮುಚ್ಚಿಕೊಂಡು.

ಜೀವರತ್ನಬಾಯಿ ಬಹಳ ದೈವಭಕ್ತೆ. ಸುಳ್ಳು ಅವಳ ನಾಲಿಗೆಗೆ ಒಗ್ಗದು. ಉಪ್ಪು ಹೆಚ್ಚಾಗಿದ್ದರೆ ಬಡಿಸುವ ಮೊದಲೇ, “ಇವತ್ತ ಉಪ್ಪು ಜಾಸ್ತಿ ಬಿದ್ದೈತ್ರಿ,” ಎಂದು ಹೇಳಿಯೇ ಬಡಿಸುವವಳು.

ಅವಳ ಮಗ ಪ್ರಭುದಾಸನಿಗೆ ಗುಳೇದಗುಡ್ಡದಿಂದ ಹೆಣ್ಣು ತಂದರು. ಹುಡುಗಿಯ ಹೆಸರು ಎಸ್ತೇರ. ನೇಕಾರರ ಮನೆಯ ಮಗಳು, ಕೆಲಸಕ್ಕೆ ಹಿಂದೆ ಸರಿಯದವಳು, ಮಾತಿಗೆ ಮುಂದೆ ಬಾರದವಳು. ಓಣಿಯಲ್ಲಿ ಲೂದಿಯಾಬಾಯಿ ಎಂಬ ಹಿರಿಯಳಿದ್ದಳು. ತನ್ನ ತಂಗಿಯ ಮಗಳನ್ನು ಪ್ರಭುದಾಸನಿಗೆ ತರಬೇಕೆಂಬ ಆಸೆ ಅವಳಿಗಿತ್ತು. ಆಸೆ ಮುರಿದ ಮೇಲೆ ಎಸ್ತೇರಳ ಹೆಸರನ್ನು ಅವಳು ಬಾಯಲ್ಲಿ ತರಲೇ ಇಲ್ಲ. “ಗುಳೇದಗುಡ್ಡದಾಕಿ” ಎಂದೇ ಕರೆದಳು. “ಗುಳೇದಗುಡ್ಡದಾಕಿ ಸಾರಿಗೆ ಏನ ಹಾಕ್ತಾಳವ್ವ, ನೂಲು ಅದ್ದಿದ ಬಣ್ಣಾನೋ?” ಎಂದು ಅವಳು ಅಂದರೆ ಉಳಿದವರು ನಕ್ಕುಬಿಡುತ್ತಿದ್ದರು. ಎಸ್ತೇರ ಒಳಗೆ ಬಂದು, ಯಾವುದೋ ಪಾತ್ರೆಯನ್ನು ಹಿಡಿದು, ತಿಕ್ಕಿದ್ದನ್ನೇ ತಿಕ್ಕುತ್ತ ಕೂರುತ್ತಿದ್ದಳು.

ಆ ವರ್ಷ ಜೀವರತ್ನಬಾಯಿಯ ಕೈಗಂಟುಗಳು ಊದಿಕೊಂಡವು. ಹಿಟ್ಟು ಒತ್ತಲಾರದಾದಳು. ಹಬ್ಬಕ್ಕೆ ಮುಂಚೆ ಸೊಸೆಯನ್ನು ಕರೆದು, “ಈ ಸಲ ತತ್ತಿ ರೊಟ್ಟಿ ನೀನ ಮಾಡಬೇಕವ್ವ,” ಎಂದಳು.

“ನಾ ಏನ್ರಿ ಅತ್ತಿ? ನನಗ ಬರೂದಿಲ್ರಿ.”

“ನನಗೂ ಬರ್ತಿದ್ದಿಲ್ಲ. ಹೆಡ್ವಿಗಮ್ಮ ಕಲಿಸಿದ್ಲು. ಬಡಿಸೂದು ನನ್ನ ಕಡೆ ಇರಲಿ, ಮಾಡೂದು ನಿನ್ನ ಕಡೆ. ಮುಂದ ಈ ಪರಾತ ನಿಂದ ಅಲ್ಲೇನು?”

ಸುದ್ದಿ ಓಣಿಯನ್ನು ಸುತ್ತಿ ಬಂತು. ಲೂದಿಯಾಬಾಯಿ ಬಾವಿಕಟ್ಟೆಯ ಮೇಲೆ ನಿಂತು, “ಹಂಗಾರ ಈ ವರ್ಷ ಮನ್ಯಾಗ ಉಂಡ ಹೋಗಬೇಕು ನೋಡ್ರಿ,” ಎಂದಳಂತೆ. ಎಸ್ತೇರ ಅದನ್ನು ಕೇಳಿಸಿಕೊಂಡು ಬಂದು ನನ್ನನ್ನು ಗೂಟದಿಂದ ಇಳಿಸಿದಳು. ಇದೊಂದು ಸರಿಯಾಗಿ ಬಂದರೆ ತಾನು ಈ ಮನೆಯವಳು, ಇಲ್ಲವಾದರೆ ಸಾಯುವವರೆಗೆ ಗುಳೇದಗುಡ್ಡದಾಕಿ. ಹಾಗೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಸುಣ್ಣದ ಬಕೆಟ್ಟು ಹಿಡಿದು ಸ್ಮಶಾನಕ್ಕೆ ಹೋದರು. ಮನೆಯಲ್ಲಿ ಅವಳೊಬ್ಬಳು, ನಾನೊಬ್ಬನು. ಅವಳ ತವರಿನಲ್ಲಿ ತಾಮ್ರವೆಂದರೆ ನೀರಿನ ಕೊಡ, ಸ್ನಾನದ ಹಂಡೆ. ಅಡಿಗೆಯೆಲ್ಲ ಮಣ್ಣಿನ ಮಡಕೆ, ಅಲ್ಯುಮಿನಿಯಂ ಬೋಗಾಣಿಗಳಲ್ಲಿ. ಕೊಡವನ್ನು ಶನಿವಾರ ಶನಿವಾರ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗುವುದು ಆ ಮನೆಯ ರೂಢಿ. ಅವಳು ನನ್ನ ಒಳಗನ್ನು ನೋಡಿದಳು. ಮಾಸಿದ, ಬೂದುಬಣ್ಣದ ಬಿಳುಪು. ಕಲಾಯಿ ಹಳೆಯದಾಗಿತ್ತು, ದಾವಲಸಾಬ ಈ ಕಡೆ ಬಂದು ಬಹಳ ದಿನವಾಗಿತ್ತು.

“ಅಯ್ಯ ಶಿವನ, ಎಷ್ಟು ವರ್ಷದ ಜಿಡ್ಡವ್ವಾ ಇದು!” ಎಂದು ತನ್ನಷ್ಟಕ್ಕೇ ಅಂದು, ಹಾಗೆ ಅಂದಿದ್ದಕ್ಕೆ ನಾಲಿಗೆ ಕಚ್ಚಿಕೊಂಡು, “ಸ್ವಾಮಿ, ಕ್ಷಮಿಸು,” ಎಂದು ಮೇಲೆ ನೋಡಿದಳು. ಆಮೇಲೆ ತೆಂಗಿನ ನಾರು ತಗೊಂಡು ಕೂತಳು.

ಎಷ್ಟು ಪ್ರೀತಿಯಿಂದ ತಿಕ್ಕಿದಳೆಂದು ಹೇಗೆ ಹೇಳಲಿ! ಹಾಡು ಗುನುಗುತ್ತ, ನಿರಿಗೆ ನಿರಿಗೆಯಲ್ಲೂ ಬೆರಳಿಟ್ಟು ತಿಕ್ಕಿದಳು. ತವರ ಸವೆಯುತ್ತ ಹೋಯಿತು. ನನ್ನ ಒಳಗೂ ಕೆಂಪಗೆ, ಹುಟ್ಟಿದ ದಿನದಂತೆ ಹೊಳೆಯತೊಡಗಿತು. ಅವಳ ಮುಖ ನನ್ನಲ್ಲಿ ಕಂಡಿತು. ಬಹಳ ದಿನದ ಮೇಲೆ ಆ ಮುಖ ನಗುತ್ತಿತ್ತು. ಬೇಡ ಮಗಳೇ ಎನ್ನಲು ನನಗೆ ಬಾಯಿಲ್ಲ.

ಬೆಳಿಗ್ಗೆ ಕೆಲಸ ಹಗುರವಾಗಲೆಂದು ಸಂಜೆಯೇ ಹುಳಿಮೊಸರು ಹಾಕಿ ಹಿಟ್ಟು ನಾದಿದಳು, ನನ್ನ ಮೈಗೆ ಒತ್ತಿದಳು, ಒದ್ದೆ ಬಟ್ಟೆ ಹೊದಿಸಿಟ್ಟಳು. ಬೆಳಗಾಗುವುದರೊಳಗೆ ಹುಳಿ ನನ್ನನ್ನು ಹಿಡಿಯಿತು. ನನ್ನೊಳಗಿನಿಂದ ಏನೋ ಇಳಿದು ಅವಳ ಹಿಟ್ಟಿಗೆ ಸೇರುತ್ತಿತ್ತು. ಅಷ್ಟು ಹಬ್ಬಗಳಲ್ಲಿ ಜನರಿಗೆ ಉಣಿಸಿದ ನಾನು ಅವರಿಗೆ ವಿಷವಾಗುತ್ತಿದ್ದೆ.

ಭಾನುವಾರ ಎಲ್ಲರೂ ಆರಾಧನೆಗೆ ಹೋದಾಗ ಅವಳು ತತ್ತಿ ಒಡೆದು, ಕಲಸಿ, ಸುರಿದು, ಕೆಂಡದ ಮೇಲೆ ನನ್ನನ್ನು ಏರಿಸಿದಳು. ಒಳ್ಳೆಯ ಹದ ಬಂತು. ಮೇಲ್ಮೈ ಕಂದುಬಣ್ಣಕ್ಕೆ ತಿರುಗಿ ಉಬ್ಬಿತು. ಮೆಂತೆಯ ವಾಸನೆ ಓಣಿಗೆ ಹರಡಿತು. ಸ್ಮಶಾನದಿಂದ ಜನ ಹಾಡುತ್ತ ಬಂದು ಪಡಸಾಲೆಯಲ್ಲಿ ಕೂತರು.

ಜೀವರತ್ನಬಾಯಿ ಒಳಗೆ ಬಂದು ನನ್ನ ಮೇಲೆ ಬಾಗಿದಳು. ಅವಳ ಕಣ್ಣು ಮೇಲಿನ ಬಣ್ಣವನ್ನು ನೋಡಿ ಹಿಗ್ಗಿತು. ಆಮೇಲೆ ಅಂಚಿಗೆ ಬಂತು. ರೊಟ್ಟಿ ಕುಗ್ಗಿ ನಿರಿಗೆಯಿಂದ ಬಿಟ್ಟುಕೊಂಡ ಕಡೆ ಕೆಂಪು ತಾಮ್ರ ಬೆತ್ತಲೆಯಾಗಿ ಕಾಣುತ್ತಿತ್ತು. ರೊಟ್ಟಿಯ ಅಂಚಿಗೆ ಸುತ್ತಲೂ ಕಿಲುಬಿನ ತೆಳ್ಳಗಿನ ಹಸಿರು ಗೆರೆ.

“ಒಳಗ ಎಷ್ಟ್ ಮಾಸಿತ್ರಿ ಅತ್ತಿ,” ಎಂದಳು ಎಸ್ತೇರ. ಅವಳ ದನಿಯಲ್ಲಿ ಅಷ್ಟು ಸಂತೋಷವಿತ್ತು. “ಹುಣಸಿಹಣ್ಣ ಹಚ್ಚಿ ತಿಕ್ಕೀನ್ರಿ. ಬಂಗಾರ ಆಗೈತಿ ನೋಡ್ರಿ.”

ಪಡಸಾಲೆಯಿಂದ ಲೂದಿಯಾಬಾಯಿ ಕೂಗಿದಳು: “ಏನ ಜೀವರತ್ನಾ, ಸೊಸಿ ಪಾಸೋ ನಪಾಸೋ? ಹೊರಗರ ತಾ, ನಾವೂ ನೋಡೂಣು!”

“ತಂದೆ,” ಎಂದು ಜೀವರತ್ನಬಾಯಿ ನನ್ನ ಮೇಲೆಯೇ ಉಸಿರಾಡಿದಳು. ಅಷ್ಟೇ ಅವಳ ಪ್ರಾರ್ಥನೆ. ಎರಡು ಬಟ್ಟೆ ಮಡಚಿ ನನ್ನನ್ನು ಎತ್ತಿಕೊಂಡಳು. ಹೊಸ್ತಿಲು ದಾಟಿದಳು. ಪಾಸ್ಟರ್ ಅಯ್ಯನವರು ಪ್ರಾರ್ಥನೆಗೆಂದು ಎದ್ದು ನಿಂತರು. ಎಲ್ಲರ ಕಣ್ಣೂ ನನ್ನ ಮೇಲೆ. “ಅಬ್ಬಾ, ಎಂಥಾ ಬಣ್ಣ ಬಂದೈತಿ!” ಎಂದು ಯಾರೋ ಅಂದರು. ಅದು ಎಲ್ಲರಿಗೂ ಕೇಳಿಸಿತು.

ಆಗ ನಾನು ಬಿದ್ದೆ.

ಪಡಸಾಲೆಯ ಕಲ್ಲಿನ ಮೇಲೆ ಅಂಚು ಊರಿ ಬಿದ್ದು, ಅಲ್ಲೇ ತಗ್ಗಾಗಿ, ಮಗುಚಿ, ಉರುಳಿ, ಗೋಡೆಗೆ ಬಡಿದು ನಿಂತೆ. ತತ್ತಿ ರೊಟ್ಟಿ ನೆಲದ ಪಾಲಾಯಿತು.

ಎಲ್ಲರೂ ಹೋ ಎಂದರು. ಎಸ್ತೇರ ಬಾಗಿಲಲ್ಲೇ ಕಲ್ಲಾದಳು. “ನನ್ನ ಕೈಯಾಗ ಬಲಾನ ಇಲ್ರಿ,” ಎಂದಳು ಜೀವರತ್ನಬಾಯಿ, ಊದಿದ ಬೆರಳುಗಳನ್ನು ಮುಂದೆ ಚಾಚಿ. “ಹುಡುಗಿ ಎಷ್ಟು ಛಂದ ಮಾಡಿದ್ಲು. ನಾನ ಕೆಡಿಸಿದೆ.”

“ಮುದುಕಿ ಆದಿ ಬಿಡವ್ವ ನೀನು,” ಎಂದಳು ಲೂದಿಯಾಬಾಯಿ. ನೆಲದ ಕಡೆ ನೋಡುತ್ತ ಎಂಜಲು ನುಂಗಿಕೊಂಡಳು. “ಇನ್ನ ಮ್ಯಾಲ ಎಸ್ತೇರನ ಕೈಯಾಗ ಕೊಡು. ಆಕಿನ ತರಲಿ.”

ಆ ಓಣಿಯಲ್ಲಿ ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅಂದೇ ಮೊದಲು.

ಜನರ ಕಣ್ಣಿಗೆ ಕೈ ಜಾರಿದ್ದು ಕಂಡಿತು. ಆದರೆ ನಾನು ಆ ಕೈಯಲ್ಲೇ ಇದ್ದವನು. ಜಾರುವ ಕೈ ಕೊನೆಯ ಗಳಿಗೆಯಲ್ಲಿ ಬಿಗಿಯುತ್ತದೆ, ಹಿಡಿಯಲು ತಡಕಾಡುತ್ತದೆ. ಆ ಕೈ ಬಿಗಿಯಲಿಲ್ಲ. ಸುಮ್ಮನೆ ತೆರೆದುಕೊಂಡಿತು.

ನಾಯಿ, ಕೋಳಿ ಬಾಯಿ ಹಾಕದಂತೆ ಅವಳು ತಾನೇ ಎಲ್ಲವನ್ನೂ ಬಳಿದು ತಿಪ್ಪೆಯಲ್ಲಿ ಆಳವಾಗಿ ಹೂತು ಬಂದಳು. ಆ ಹಬ್ಬಕ್ಕೆ ಎಲ್ಲರೂ ಮಂಡಕ್ಕಿ ಸೂಸಲ, ಬೇಯಿಸಿದ ತತ್ತಿ ತಿಂದು ಎದ್ದರು. ಎಸ್ತೇರಳಿಗೆ ಏನೂ ತಿಳಿಯಲಿಲ್ಲ. ಹಿತ್ತಲಲ್ಲಿ ಕೂತು ಅತ್ತಳು. “ಮತ್ತ ಮುಂದಿನ ವರ್ಷ ಐತಲ್ಲವ್ವ,” ಎಂದು ಅತ್ತೆ ತಲೆ ಸವರಿದಳು.

ಮುಂದೊಂದು ದಿನ ದಾವಲಸಾಬ ಬಂದ. ಅಂಗಳದಲ್ಲಿ ಗುಂಡಿ ತೋಡಿ ತಿದಿ ಹೂಡಿದ. ನನ್ನನ್ನು ತಿರುವಿ ನೋಡಿ ಹುಬ್ಬು ಗಂಟಿಕ್ಕಿದ. “ಬಾಯಾರ, ಕಲಾಯಿ ಪೂರಾ ಹೋಗೈತಲ್ರಿ! ಯಾರ್ ತಿಕ್ಕಿದ್ರು? ಇದರಾಗ ಹುಳಿ ಇಟ್ಟು ಉಂಡಿದ್ರ ಮನಿ ಮಂದಿ ಎಲ್ಲಾ ದವಾಖಾನಿ ಕಾಣಬೇಕಿತ್ತು.”

ಕದದ ಹಿಂದೆ ಎಸ್ತೇರ ನಿಂತಿದ್ದಳು. ಅವಳ ಬಳೆಯ ಸದ್ದು ನಿಂತಿತು.

“ನಾನ ತಿಕ್ಕಿದ್ದೆ,” ಎಂದಳು ಜೀವರತ್ನಬಾಯಿ. “ನೀ ಕಲಾಯಿ ಮಾಡು.”

ಅವನು ನನ್ನನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆಯೊಳಗೆ ತವರ ಸವರಿದ. ಮತ್ತೆ ಒಳಗೆಲ್ಲ ಬೆಳದಿಂಗಳಾಯಿತು. ಅಂಚಿನ ತಗ್ಗನ್ನು ನೋಡಿ, “ಇದನ್ನೂ ಬಡದು ಸರಿ ಮಾಡೇನ್ರಿ,” ಎಂದು ಸುತ್ತಿಗೆ ಎತ್ತಿದ.

ಪರರ ಮುಂದೆ ಎಂದೂ ಬಾಯಿ ತೆರೆಯದ ಎಸ್ತೇರ ಓಡಿ ಅಂಗಳಕ್ಕೆ ಬಂದಳು. “ಬ್ಯಾಡ್ರಿ ಅಣ್ಣಾರ. ಅದು ಹಂಗ ಇರಲಿ.”

ಅತ್ತೆ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯನ್ನು ನೋಡಿದಳು. ಆ ಮಾತು ಅವರಿಬ್ಬರ ನಡುವೆ ಎಂದೂ ಬರಲೇ ಇಲ್ಲ. ಅಂದು ದೀಪ ಹಚ್ಚುವಾಗ ಮಾತ್ರ ಜೀವರತ್ನಬಾಯಿ ನನ್ನನ್ನು ಗೂಟಕ್ಕೆ ತೂಗುಹಾಕುತ್ತ ಮೆಲ್ಲಗೆ ಹೇಳಿದಳು: “ತಂದೆ, ಎರಡು ಸುಳ್ಳು ಹೇಳೀನಿ. ಕ್ಷಮಿಸು. ಇನ್ನೊಮ್ಮೆ ಹೇಳೂದಿಲ್ಲ ಅಂತ ಮಾತ್ರ ಹೇಳಿಸಬ್ಯಾಡ, ಅದು ಮೂರನೇದಾಕ್ಕೈತಿ.”

ಆಮೇಲಿನ ಹಬ್ಬಗಳೆಲ್ಲ ಎಸ್ತೇರಳವೇ. ತಗ್ಗು ಬಿದ್ದ ಕಡೆ ಕಲಸಿದ ತತ್ತಿ ಹರಿದು ಚೆಲ್ಲುತ್ತಿತ್ತು. ಅದಕ್ಕೆ ಅಲ್ಲಿ ಹಿಟ್ಟನ್ನು ಹೆಬ್ಬೆರಳಿನಿಂದ ಎತ್ತರಿಸಿ ಸಣ್ಣದೊಂದು ಒಡ್ಡು ಕಟ್ಟುವುದನ್ನು ಅವಳು ರೂಢಿ ಮಾಡಿಕೊಂಡಳು. ಬೆಂದ ಮೇಲೆ ಆ ಒಡ್ಡಿನ ತುಂಡು ಜೀವರತ್ನಬಾಯಿಗೆ. ಅತ್ತೆ ತೀರಿಕೊಂಡ ಮೇಲೆ ಲೂದಿಯಾಬಾಯಿಗೆ. ಅವಳೂ ಹಲ್ಲಿಲ್ಲದ ಬಾಯಲ್ಲಿ, “ಎಸ್ತೇರಾ, ಇನ್ನೊಂದ್ ತುಣುಕ್ ಹಾಕವ್ವ,” ಎನ್ನುತ್ತಲೇ ಕಾಲವಾದಳು.

ಈಗ ಎಸ್ತೇರಳ ತಲೆ ನೆರೆತಿದೆ. ಕಲಾಯಿಯವರು ಓಣಿಗೆ ಬರುವುದಿಲ್ಲ. ನಾನು ಅಡಿಗೆಮನೆಯ ಗೂಡಿನಲ್ಲಿ, ದೀಪದ ಪಕ್ಕ, ಗೋಡೆಗೆ ಒರಗಿ ಕೂತಿದ್ದೇನೆ. ಈ ಸಲ ಹಬ್ಬಕ್ಕೆ ಮೊಮ್ಮಗಳು ಶೆರಿನ್ ಕರೆಂಟಿನ ಓವನ್ನೂ ಹೊಸ ತಗಡಿನ ತಟ್ಟೆಯೂ ತಂದಳು. “ಅಜ್ಜಿ, ನಮ್ಮ ತತ್ತಿ ರೊಟ್ಟಿಗೆ ಹೊರಗ ಕೀಶ್ ಅಂತಾರ. ಭಾಳ ಸರಳ,” ಎಂದಳು. “ಅನ್ನಲಿ ಬಿಡು,” ಎಂದಳು ಎಸ್ತೇರ.

ಹುಡುಗಿ ನನ್ನನ್ನು ನೋಡಿ ಕೇಳಿದಳು: “ಇದರ ಅಂಚು ಯಾಕ ತಗ್ಗಿ ಹೋಗೈತಿ? ಬಡದು ಸರಿ ಮಾಡಿಸಬಹುದಿತ್ತಲ್ಲ?”

“ಅದು ತಗ್ಗಲ್ಲವ್ವ. ನಮ್ಮತ್ತಿ ಕೈ.”

ಶೆರಿನ್‌ಗೆ ಅರ್ಥವಾಗಲಿಲ್ಲ. ಅವಳು ಹಿಟ್ಟು ನಾದಿಕೊಟ್ಟಳು. ಅಜ್ಜಿ ಹೊಸ ತಟ್ಟೆಗೆ ಒತ್ತತೊಡಗಿದಳು. ಆ ತಟ್ಟೆಯ ಅಂಚು ಸುತ್ತಲೂ ಸಮನಾಗಿತ್ತು, ಎಲ್ಲಿಯೂ ಒಂದು ತಗ್ಗಿಲ್ಲ. ಆದರೂ ಎಸ್ತೇರಳ ಹೆಬ್ಬೆರಳು ಒಂದು ಕಡೆ ನಿಂತಿತು. ಅಲ್ಲಿ ಹಿಟ್ಟನ್ನು ಮೆಲ್ಲಗೆ ಎತ್ತರಿಸಿ ಒಡ್ಡು ಕಟ್ಟಿತು.

“ಹಿಂಗ ಮಾಡಬೇಕಾ ಅಜ್ಜಿ?”

“ಹೂಂ. ಹಿಂಗ ಮಾಡಬೇಕು.”

ಹುಡುಗಿ ತನ್ನ ಹೆಬ್ಬೆರಳನ್ನೂ ಅಲ್ಲೇ ಇಟ್ಟು ಒತ್ತಿದಳು. ನಾನು ಗೂಡಿನಲ್ಲಿ ಕೂತು ನೋಡುತ್ತಿದ್ದೆ. ಬೆಂಕಿ ಕಾಣದೆ ಎಷ್ಟೋ ದಿನವಾಗಿದ್ದ ನನ್ನ ಮೈ, ಆ ಒಂದು ಕಡೆ ಮಾತ್ರ, ಬೆಚ್ಚಗಾಯಿತು.